ಎಡಕ್ಕೆ ಎಳೆಯುವ ಗಾಲಿ

ಹೆಣ್ಣು ಗಂಡು ಕೂಡಿಸುವ ಕಸುಬಿಗೆ ಇಳಿದವನನ್ನು ಫಜೀತಿಗಳೇ ಹುಡುಕಿಕೊಂಡು ಬರುತ್ತವೆ. ಅವಕ್ಕೆ ಯಾರೂ ಮನೆಯ ದಾರಿ ತೋರಿಸಬೇಕಿಲ್ಲ. ಒಂದು ಮುಗಿಯಿತೆಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆದರೆ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಇಬ್ಬರೂ ಸೇರಿ ಇಷ್ಟು ವರ್ಷ ಕೊಟ್ಟ ತ್ರಾಸನ್ನೆಲ್ಲ ತಕ್ಕಡಿಯ ಒಂದು ಕಡೆ ಇಟ್ಟರೂ, ನನ್ನ ಸೈಕಲ್ಲಿನ ಮುಂದಿನ ಗಾಲಿ ಕೊಟ್ಟ ತ್ರಾಸೇ ಹೆಚ್ಚು ತೂಗುತ್ತದೆ.

ನಮ್ಮೂರು ಮಕ್ತಲ್, ರಾಯಚೂರಿನ ಆಚೆ, ತೆಲಂಗಾಣದ ಗಡಿಯೊಳಗೆ. ಈ ಕಾಲದಲ್ಲೂ ಸೈಕಲ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಕಸುಬಿನ ಗುಟ್ಟಿದೆ. ಮೋಟಾರ್ ಸೈಕಲ್ಲಿನ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಹುಡುಗನ ಮನೆಯವರು ಜಗಳ ನಿಲ್ಲಿಸಿ, ಒಳ್ಳೆಯ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಕೂತುಬಿಡುತ್ತಾರೆ. ಸೈಕಲ್ಲಿನಲ್ಲಿ ಸದ್ದಿಲ್ಲದೆ ಹೋದರೆ ಮನೆ ಇದ್ದ ಹಾಗೆ ಕಾಣುತ್ತದೆ. ಫೋನಿನಲ್ಲಿ ಬರುವ ಫೋಟೋಗಳನ್ನು ನಾನು ನಂಬುವುದಿಲ್ಲ. ಅವುಗಳಲ್ಲಿ ನಮ್ಮ ಬಿಸಿಲು ಸೀಮೆಯ ಹುಡುಗರೆಲ್ಲ ಹಾಲಿನಲ್ಲಿ ಮಿಂದು ಬಂದವರ ಹಾಗೆ ಇರುತ್ತಾರೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಉಟ್ಕೂರಿನಿಂದ ಕೋಸಗಿಯವರೆಗೆ ನಾನು ಮಾಡಿಸಿದ ಮದುವೆಗಳ ಮಕ್ಕಳೇ ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಆದರೆ ನಾರಾಯಣಪೇಟೆಯಲ್ಲಿರುವ ನನ್ನ ಸ್ವಂತ ಅಕ್ಕನ ಮಗಳಿಗೆ ಒಂದು ಗಂಡು ಹುಡುಕಲು ನನ್ನಿಂದ ಆಗಿರಲಿಲ್ಲ. ಅಕ್ಕ ವಿಧವೆ, ತಾಯಿ ಮಗಳು ಇಬ್ಬರೂ ಮನೆಯ ಮಗ್ಗದಲ್ಲಿ ಸೀರೆ ನೇಯ್ದು ಬದುಕುತ್ತಾರೆ. ನಾನು ಹೋದಾಗೆಲ್ಲ ಅಕ್ಕ ಚಹಾದ ಲೋಟ ನೆಲಕ್ಕೆ ಕುಕ್ಕಿ, "ಊರ ಮಂದಿಗೆಲ್ಲ ಚಪ್ಪರ ಹಾಕಸ್ತಿ ತಮ್ಮಾ. ನಮ್ಮ ಬಾಗಲಿಗೆ ಒಂದು ತೋರಣ ಕಟ್ಟಾಕ ನಿನಗ ಆಗವಲ್ದು," ಅನ್ನುತ್ತಿದ್ದಳು. ದೀಪದ ಕೆಳಗೆ ಕತ್ತಲೆ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿದ್ದು ಅಂತ ನನಗೆ ಅನುಮಾನವಿದೆ. ಗಾಲಿಯ ಕಥೆ ಕೊನೆಗೆ ಈ ಹುಡುಗಿಯ ಮದುವೆಗೇ ಹೋಗಿ ಸಿಕ್ಕಿಕೊಂಡಿತು, ಅದಕ್ಕೇ ಮೊದಲು ಹೇಳಿದೆ.

೧. ಕಾಯಿಲೆ ಒಂದು, ವೈದ್ಯರು ಊರ ತುಂಬ

ಕಾಯಿಲೆ ಇಷ್ಟೇ. ಹ್ಯಾಂಡಲ್ ನೆಟ್ಟಗೆ ಹಿಡಿದರೂ ಮುಂದಿನ ಗಾಲಿ ಜಾರಿ ಎಡಕ್ಕೆ ವಾಲುತ್ತಿತ್ತು. ವಾಲಿ ತನ್ನನ್ನು ಹಿಡಿದ ಫೋರ್ಕಿನ ಎಡ ಕವಲಿಗೆ ತಗುಲಿ, ಕರ್ ಕರ್ ಎಂದು ಉಜ್ಜಿ, ಹ್ಯಾಂಡಲ್ಲನ್ನೂ ಎಡಕ್ಕೆ ಎಳೆದು ನಿಂತುಬಿಡುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಶಾಪಿನ ಚಾಚಾ ಬಳಿ ಹೋದೆ. ಆತ ಗಾಲಿಯನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿ, ಹ್ಯಾಂಡಲ್ ಹಿಡಿದು ಒಂದು ತಿರುವು ಕೊಟ್ಟು, "ನೆಟ್ಟಗಾತು ನೋಡ್ರಿ. ಫಿಕರ್ ಮಾಡಬ್ಯಾಡ್ರಿ," ಅಂದ. ಅಂಗಡಿಯ ಮುಂದೆ ನೆಟ್ಟಗೇ ಇತ್ತು. ಎರಡನೇ ಓಣಿಗೆ ಬರುವಷ್ಟರಲ್ಲಿ ಮತ್ತೆ ಎಡಕ್ಕೆ. ಹೀಗೇ ನಾನು ಹೋಗುವುದು, ಆತ ಮೊಣಕಾಲಿನಲ್ಲಿ ಹಿಡಿಯುವುದು ನಡೆದು ನಡೆದು, ಕೊನೆಗೆ ಚಾಚಾನಿಗೆ ಬೇಸರ ಬಂತು.

"ಸೈಕಲ್ ಬರೋಬ್ಬರಿ ಐತ್ರಿ. ನೀವ ಎಡಕ್ಕ ಕುಂದ್ರತೀರಿ."

ಇದೂ ಇರಬಹುದು ಎಂದು ಕೆಲವು ದಿನ ಬಲಕ್ಕೆ ವಾಲಿ ಕೂತು ತುಳಿದೆ. ಗಾಲಿ ಎಡಕ್ಕೇ ಹೋಗುತ್ತಿತ್ತು, ನನ್ನ ಸೊಂಟ ಮಾತ್ರ ಬಲಕ್ಕೆ ಹಿಡಿದುಕೊಂಡಿತು.

ಸೊಂಟ ಹಿಡಿದುಕೊಂಡು ಚಹಾದ ಹೋಟೆಲ್ಲಿಗೆ ಹೋದರೆ ಅಲ್ಲಿ ದೊಡ್ಡ ಪಂಚಾಯಿತಿ ಸೇರಿತು. ಒಬ್ಬ ರೈತ ಗಾಲಿಯ ಸುತ್ತ ಒಂದು ಸುತ್ತು ಬಂದು, "ಜೋಡಿನಾಗ ಎಡಗಡಿ ಎತ್ತು ಮೈಗಳ್ಳ ಆದ್ರ ಬಂಡಿ ಹಿಂಗ ಎಳಿತೈತಿ," ಅಂದ.

"ಸೈಕಲ್ಲಿಗೆ ಎತ್ತು ಎಲ್ಲೈತಪ್ಪ?" ಅಂದೆ.

ಆತ ನನ್ನ ಎಡಗಾಲನ್ನು ನೋಡಿದ.

ನಿವೃತ್ತನಾದ ಬಸ್ ಡ್ರೈವರ್ ಒಬ್ಬ ಬಾಗಿಯೂ ನೋಡಲಿಲ್ಲ. "ನಾ ನೌಕರಿ ಮುಗಿಯೋತನಕ ಬಸ್ ಹೊಡದೀನಿ. ಗಾಡಿದು ತಪ್ಪು ಅಂಬೋದ ಇರಂಗಿಲ್ರಿ. ಇದು ರೋಡಿನ ತಪ್ಪು," ಎಂದು ತೀರ್ಪು ಕೊಟ್ಟ. ನೇಕಾರನೊಬ್ಬ, "ಹಾಸಿನಾಗ ಒಂದ್ ಕಡಿ ಎಳಿ ಸಡ್ಲ ಆದ್ರ ಬಟ್ಟಿ ಸೊಟ್ಟ ಬರತೈತಿ. ಇದರಾಗೂ ಏನೋ ಸಡ್ಲ ಐತಿ," ಅಂದ. ಹೆಚ್ಚು ಕಡಿಮೆ ಸರಿಯಾದ ಮಾತು ಅದೊಂದೇ. ಹಾಗಾಗಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬ ಜಾತಕ ಕೇಳಿದ. ನನ್ನದು ಎಂದುಕೊಂಡು ಹೇಳಲು ಹೊರಟರೆ, "ನಿಮ್ಮದಲ್ರಿ, ಸೈಕಲ್ ಯಾವ ವಾರ ತಂದ್ರಿ ಅದನ್ನ ಹೇಳ್ರಿ," ಅಂದ.

ಮಧ್ಯಾಹ್ನದವರೆಗೆ ಚರ್ಚೆ ನಡೆಯಿತು. ಗಾಲಿಗೆ ಯಾರೂ ಕೈ ಹಚ್ಚಲಿಲ್ಲ, ಆದರೆ ಎಲ್ಲರೂ ಮತ್ತೊಂದು ಮತ್ತೊಂದು ಚಹಾ ಹೇಳಿದರು. ನಾನು ಹೊರಡುವಾಗ ಹೋಟೆಲ್ಲಿನವ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ:

"ರಿಪೇರಿಗೆ ಅವಸರ ಮಾಡಬ್ಯಾಡ್ರಿ ಅಣ್ಣಾರ. ಈ ಗಾಲಿ ಸೊಟ್ಟ ಆದಾಗಿಂದ ನನ್ನ ವ್ಯಾಪಾರ ನೆಟ್ಟಗಾಗೈತಿ."

೨. ತಿಪ್ಪೆಯ ಶಕುನ

ಉಟ್ಕೂರಿನ ಒಬ್ಬ ರೈತರ ಮಗಳಿಗೆ ಪಕ್ಕದ ಹಳ್ಳಿಯ ಹುಡುಗನನ್ನು ಗೊತ್ತು ಮಾಡಿದ್ದೆ. ಮಾತು ಮುಗಿದಿತ್ತು, ಹುಡುಗಿಯ ಅಪ್ಪ ಹೋಗಿ ಎಲೆ ಅಡಿಕೆ ಹಿಡಿದು ಬರುವುದೊಂದೇ ಬಾಕಿ. ಆ ಯಜಮಾನರು ಗಂಜಿ ಹಾಕಿದ ಬಿಳಿ ಧೋತರ ಉಟ್ಟು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತರು. ಆಳು ಭಾರ, ಶಕುನದ ಮೇಲಿನ ನಂಬಿಕೆ ಅದಕ್ಕಿಂತ ಭಾರ. ದಾರಿಯಲ್ಲಿ ಬೆಕ್ಕು ಅಡ್ಡ ಬಂತೆಂದು ಒಮ್ಮೆ ಇಳಿದರು. ಖಾಲಿ ಕೊಡ ಹಿಡಿದ ಹೆಂಗಸು ಎದುರಾದಳೆಂದು ಇನ್ನೊಮ್ಮೆ ಇಳಿದು, ಆಕೆ ಕೊಡ ತುಂಬಿಸಿಕೊಂಡು ಬರುವವರೆಗೆ ಬೇವಿನ ಗಿಡದ ಕೆಳಗೆ ಕಾದರು.

ಅಷ್ಟು ದೂರ ನೆಟ್ಟಗೆ ಬಂದ ಗಾಲಿ, ಹುಡುಗನ ಮನೆಯವರು ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತ ಹೊತ್ತಿಗೇ ಸರಿಯಾಗಿ ಎಡಕ್ಕೆ ಜಾರಿತು. ಎಡಕ್ಕೆ ನೆರೆಮನೆಯವರ ತಿಪ್ಪೆ ಇತ್ತು. ನಾನು, ಯಜಮಾನರು, ಗಂಜಿ ಹಾಕಿದ ಧೋತರ, ಎಲ್ಲರೂ ಅದರೊಳಗೆ.

ಯಜಮಾನರು ಎದ್ದು ನಿಂತು, ಮೀಸೆಯ ಮೇಲಿನ ಹುಲ್ಲುಕಡ್ಡಿ ತೆಗೆದು, "ನಡ್ರಿ ಹಿಂದಕ್ಕ. ಗಾಲಿ ಬ್ಯಾಡ ಅಂತು," ಅಂದರು.

"ಗಾಲಿ ಏನೂ ಅನ್ನಂಗಿಲ್ರಿ ಯಜಮಾನ್ರ. ಎಲ್ಲೋ ನಟ್ಟು ಸಡ್ಲ ಆಗಿರಬೇಕು."

"ನಟ್ಟು ಅಷ್ಟು ದೂರ ಸುಮ್ನ ಬಂದು, ಅವರ ಬಾಗಲಾಗ ಯಾಕ ಜಾರತು?"

ಆರತಿ ತಟ್ಟೆ ಹಿಡಿದವರು ಹಿಡಿದೇ ಇದ್ದರು, ನಾವು ಬಂದ ದಾರಿ ಹಿಡಿದೆವು. ಒಳ್ಳೆಯ ಸಂಬಂಧ ಕೈತಪ್ಪಿತಲ್ಲ ಎಂದು ನನಗೆ ಎರಡು ದಿನ ಅನ್ನ ರುಚಿಸಲಿಲ್ಲ.

ಒಂದು ತಿಂಗಳಾಗಿರಬಹುದು. ಆ ಹುಡುಗ ರಾಯಚೂರಿನಲ್ಲಿ ಮೊದಲೇ ರಿಜಿಸ್ಟರ್ ಮದುವೆ ಆಗಿದ್ದಾನೆ ಎಂಬ ಸುದ್ದಿ ಬಂತು. ಆ ಮನೆಯ ಜಮೀನು, ಬೋರಿನ ನೀರು, ಅಪ್ಪನ ಸಿಟ್ಟು, ಅವ್ವನ ನಾಲಿಗೆ, ಎಲ್ಲವನ್ನೂ ನಾನು ವಿಚಾರಿಸಿದ್ದೆ. ರಾಯಚೂರನ್ನು ವಿಚಾರಿಸಿರಲಿಲ್ಲ.

ಉಟ್ಕೂರಿನ ಯಜಮಾನರು ಹೂವಿನ ಹಾರ, ತೆಂಗಿನಕಾಯಿ ಹಿಡಿದು ನಮ್ಮ ಮನೆಗೆ ಬಂದರು. ಸನ್ಮಾನ ಎಂದುಕೊಂಡು ನಾನು ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತೆ. ಅವರು ನನ್ನನ್ನು ದಾಟಿ ಹೋಗಿ ಸೈಕಲ್ಲಿಗೆ ಹಾರ ಹಾಕಿ, ಮುಂದಿನ ಗಾಲಿಗೆ ಕಾಯಿ ಒಡೆದು, ಕೈ ಮುಗಿದರು. ತಿರುಗಿ ನನ್ನನ್ನು ನೋಡಿ, ಸ್ವಲ್ಪ ಯೋಚಿಸಿ, ಕೈ ಚಾಚಿದರು:

"ನೀವೂ ಒಂದು ಹೋಳು ತಗೋರಿ. ಏನ ಆಗ್ಲಿ, ಅದರ ಸಂಗಾಟ ತಿರುಗೋರು ನೀವ."

೩. ಗಾಲಿಗೆ ಮರ್ಯಾದೆ

ಅಲ್ಲಿಂದ ಗಾಲಿಯ ಹೆಸರು ಹಬ್ಬಿತು. "ಸುಳ್ಳು ಹೇಳಂಗಿಲ್ಲಂತ ಆ ಗಾಲಿ" ಎಂದು ಜನ ಮಾತಾಡತೊಡಗಿದರು. ಅಂದರೆ ಅದರ ಮೇಲೆ ಕೂತವನು ಹೇಳುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ. ಫೋನ್ ಮಾಡಿದವರು ನನ್ನ ಆರೋಗ್ಯ ಕೇಳುವ ಮೊದಲೇ "ಸೈಕಲ್ ಮ್ಯಾಲೆ ಬರ್ತೀರಲ್ರಿ?" ಎಂದು ಕೇಳುತ್ತಿದ್ದರು. ಹೋದ ಮನೆಗಳಲ್ಲಿ ಸೈಕಲ್ಲನ್ನು ಪಡಸಾಲೆಯ ನೆರಳಿಗೆ ಒಯ್ದು ನಿಲ್ಲಿಸುತ್ತಿದ್ದರು, ನನಗೆ ಹೊರಗಿನ ಕಟ್ಟೆ.

ಮಕ್ತಲ್ಲಿನಲ್ಲೇ ಒಬ್ಬ ಹುಡುಗನ ಅಪ್ಪ ಬಲು ಚತುರ. ನಾನು ಬರುವ ಮುನ್ನಾದಿನ ತನ್ನ ಬಾಗಿಲಿನ ಎದುರು ಒಂದು ಟ್ರ್ಯಾಕ್ಟರ್ ಮಣ್ಣು ಹಾಕಿಸಿ, ಓಣಿಯನ್ನೇ ತನ್ನ ಹೊಸ್ತಿಲಿನ ಕಡೆಗೆ ಇಳಿಜಾರು ಮಾಡಿದ್ದ. ಇನ್ನೇನು, ಗಾಲಿ ಸರಾಗವಾಗಿ ಅವನ ಮನೆಯೊಳಗೇ ನುಗ್ಗಿತು. "ನೋಡಿದ್ರಿ?" ಎಂದು ಆತ ಓಣಿಯವರನ್ನೆಲ್ಲ ಕರೆದು ತೋರಿಸಿದ. ಹೆಣ್ಣಿನ ಕಡೆಯವರೂ ಒಪ್ಪಿದರು.

ಮದುವೆಗೆ ವಾರವಿದ್ದಾಗ ದೊಡ್ಡ ಮಳೆ ಬಂತು. ಓಣಿಯ ನೀರೆಲ್ಲ ಗಾಲಿ ಹೋದ ದಾರಿಯಲ್ಲೇ ಹೋಯಿತು. ನಾನು ನೋಡಲು ಹೋದಾಗ ಆತ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ, ಕೆಳಗೆ ಚಪ್ಪಲಿಗಳು ತೇಲುತ್ತಿದ್ದವು.

"ಶಕುನ ಚಲೋ ಬಂತಲ್ರಿ," ಅಂದೆ.

"ಬಂದೈತಿ," ಅಂದ. "ಹೋಗವಲ್ದು."

೪. ಅಮಾಸಿಯ ಎಣ್ಣೆ

ಜನಕ್ಕೆ ಗಾಲಿ ದೇವರಾಗಿತ್ತು, ಬೀಳುವವನು ಮಾತ್ರ ನಾನು. ಒಂದು ಸಲ ಕೈ ತರಚಿತು, ಒಂದು ಸಲ ಮೊಣಕಾಲು ಊದಿತು. ಮತ್ತೆ ಚಾಚಾನ ಹತ್ತಿರ ಹೋಗಿ, "ಇವತ್ತು ಮೊಣಕಾಲಿನ ಕೆಲಸ ಬ್ಯಾಡ, ಕಣ್ಣಿನ ಕೆಲಸ ಮಾಡು," ಅಂದೆ.

ಚಾಚಾ ಗಾಲಿ ಬಿಚ್ಚಿದ. ನಟ್ಟಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮೂಸಿದ.

"ಇದು ಮಷೀನ್ ಎಣ್ಣಿ ಅಲ್ರಿ. ದೀಪದ ಎಣ್ಣಿ. ಅರಿಷಿಣಾನೂ ಐತಿ."

ನಮ್ಮ ಕಡೆ ಅಮಾಸಿ ದಿನ ಅಂಗಡಿ, ತಕ್ಕಡಿ, ಟ್ರ್ಯಾಕ್ಟರ್, ಆಟೋ, ಎಲ್ಲಕ್ಕೂ ಪೂಜೆ ಮಾಡುವುದು ರೂಢಿ. ನನ್ನ ಹೆಂಡತಿ ಸೈಕಲ್ಲಿಗೆ ಮಾಡುತ್ತಾಳೆ. ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟುವುದನ್ನು ನಾನು ನೋಡಿದ್ದೆ. ಆಮೇಲೆ ಏನು ಮಾಡುತ್ತಾಳೆ ಎಂದು ನಿಂತು ನೋಡಿದವನಲ್ಲ. ಮನೆಗೆ ಹೋಗಿ ಕೇಳಿದೆ.

"ಮುಂದಿನ ಗಾಲಿಗೆ ಎಣ್ಣಿ ಹಾಕ್ತೀ ಏನು?"

"ಹಾಕ್ತೀನ್ರಿ. ಎರಡೂ ಕಡಿ ಗುಬ್ಬಿ ಅದಾವಲ್ಲ, ಅವಕ್ಕ. ಬಿಸಲಾಗ ತಿರುಗೋ ಗಾಲಿ, ತಂಪಾಗಿರಲಿ ಅಂತ."

ಗುಬ್ಬಿ ಅಂದರೆ ಗಾಲಿಯನ್ನು ಬಿಗಿ ಹಿಡಿಯಬೇಕಾದ ಎರಡು ನಟ್ಟುಗಳು. ಬಿಗಿ ಇರಬೇಕಾದಲ್ಲಿಗೇ ಎಣ್ಣೆ ಹೋಗಿತ್ತು.

"ಯಾವಾಗಿಂದ?"

"ಮೊದಲು ಒಂದೊಂದು ಹನಿ ಹಾಕ್ತಿದ್ದೆ. ನೀವು ತಿಪ್ಪ್ಯಾಗ ಬಿದ್ದು ಬಂದ ಮ್ಯಾಲೆ ಒಂದೊಂದು ಚಮಚ ಹಾಕಾಕತ್ತೀನಿ. ಮೊನ್ನಿ ಮೊಣಕಾಲು ಊದಸ್ಕೊಂಡು ಬಂದ್ರಲ್ಲ, ಈ ಸಲ ಒಂದು ಬಟ್ಟಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ನಾನು ಬಿದ್ದಷ್ಟೂ ಆಕೆ ಎಣ್ಣೆ ಹೆಚ್ಚು ಹಾಕಿದ್ದಳು, ಆಕೆ ಎಣ್ಣೆ ಹಾಕಿದಷ್ಟೂ ನಾನು ಹೆಚ್ಚು ಬಿದ್ದಿದ್ದೆ. ಸಿಟ್ಟು ಮಾಡೋಣ ಎಂದರೆ ಆಕೆಯ ಮುಖದಲ್ಲಿ ಎಲ್ಲಾ ಕಾಳಜಿಯೇ. ಆದರೂ ಎಣ್ಣೆಯಿಂದಲೇ ಗಾಲಿ ಜಾರುತ್ತಿದ್ದದ್ದು, ಚಾಚಾ ಈಗ ಪೆಟ್ರೋಲ್ ಬಟ್ಟೆಯಿಂದ ಒರೆಸಿ ಹಲ್ಲಿನ ವಾಶರ್ ಹಾಕಿ ಬಿಗಿದಿದ್ದಾನೆ, ಇನ್ನು ಮೇಲೆ ಒಂದು ಹನಿಯೂ ಬೀಳಬಾರದು ಎಂದು ಬಿಡಿಸಿ ಹೇಳಿದೆ. ಆಕೆ ಎಲ್ಲ ಕೇಳಿದಳು. ಸೊಸೆ ಅತ್ತೆಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದಳು. ಆಮೇಲೆ ಹೇಳಿದಳು:

"ಗಾಲಿ ಜಾರಿದ್ದು ಎಣ್ಣಿಯಿಂದ ಇರಬೌದ್ರಿ. ನೀವು ಉಳದದ್ದು ಪೂಜಿಯಿಂದ."

೫. ಗದ್ವಾಲದ ಅಜ್ಜಿ

ಈಗ ನನ್ನ ಅಕ್ಕನ ಮಗಳ ಮಾತು. ಅವಳಿಗೆ ಮೂವತ್ತು ಹತ್ತಿರ ಬಂದಿತ್ತು. ರೂಪಕ್ಕೆ, ಗುಣಕ್ಕೆ ಕೊರತೆ ಇಲ್ಲ. ಆದರೆ ಬಂದ ಗಂಡಿನ ಕಡೆಯವರಿಗೆಲ್ಲ ಅವಳೇ ಒಂದು ಪ್ರಶ್ನೆ ಕೇಳುತ್ತಿದ್ದಳು: "ನಿಮ್ಮ ಮನ್ಯಾಗ ಮಗ್ಗ ಹಾಕಾಕ ಜಾಗ ಐತೇನ್ರಿ?" ಅವಳದು ಗುಣಿ ಮಗ್ಗ, ನೆಲದಲ್ಲಿ ತೋಡಿದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಜಮೀನುದಾರರು ನಕ್ಕರು. ನೌಕರಿಯವರು "ಮದುವಿ ಆದ ಮ್ಯಾಲೆ ಮಗ್ಗ ಯಾಕಬೇಕವ್ವಾ?" ಅಂದರು. ಅವಳು ಎದ್ದು ಒಳಗೆ ಹೋಗಿ ಮಗ್ಗಕ್ಕೆ ಕೂತುಬಿಡುತ್ತಿದ್ದಳು. ಮುಂದಿನ ಮಾತೆಲ್ಲ ಲಾಳಿಯ ಸಪ್ಪಳದಲ್ಲಿ ಮುಗಿಯುತ್ತಿತ್ತು.

ಹೀಗಿರುವಾಗ ಗದ್ವಾಲದ ಒಂದು ನೇಕಾರರ ಮನೆಯ ಹುಡುಗನ ವಿಷಯ ಬಂತು. ಹೈದರಾಬಾದಿನ ಒಂದು ಕೈಮಗ್ಗದ ಸಂತೆಯಲ್ಲಿ ಅವರ ಅಂಗಡಿ, ಅಕ್ಕನವರ ಅಂಗಡಿ ಅಕ್ಕಪಕ್ಕ ಇದ್ದವಂತೆ. ನಾನು ಆ ಮನೆಯ ಹೆಸರು ಹೇಳಿದಾಗ ಮಗ್ಗ ನಿಲ್ಲಲಿಲ್ಲ, ಅವಳು ತಲೆಯೂ ಎತ್ತಲಿಲ್ಲ. "ಮಾವಾ, ಇದೊಂದು ಆಗ್ಲಿ," ಅಂದಳು, ಅಷ್ಟೇ.

ನನಗೆ ಖುಷಿಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇಷ್ಟು ದಿನ ಮುರಿದ ಸಂಬಂಧಗಳೆಲ್ಲ ಅವಳಿಗೇ ಬೇಡವಾಗಿದ್ದವು. ಇದು ಮುರಿದರೆ ಅವಳಿಗೆ ನೋವಾಗುತ್ತದೆ, ಮತ್ತು ಅವಳು ಅದನ್ನು ಯಾರಿಗೂ ಹೇಳುವವಳಲ್ಲ.

ಅವಳೇ ನೇಯ್ದ ಕೆಂಪು ಚೌಕಳಿಯ ಸೀರೆಯೊಂದನ್ನು, ಜೊತೆಗೆ ಅವಳ ಮಗ್ಗದ ಪ್ರಶ್ನೆಯನ್ನು ಹಿಡಿದು ಬಸ್ಸಿನಲ್ಲಿ ಗದ್ವಾಲಕ್ಕೆ ಹೋದೆ. ಆ ಮನೆಯಲ್ಲಿ ಎಲ್ಲ ಹುಡುಗನ ಅಜ್ಜಿಯದೇ ನಡೆಯುವುದು. ಓಣಿಯಲ್ಲೆಲ್ಲ ತೆಲುಗು, ಅಜ್ಜಿಯ ತವರು ರಾಯಚೂರು ಸೀಮೆ, ಹಾಗಾಗಿ ಬೈಯುವುದು ತೆಲುಗಿನಲ್ಲಿ, ವ್ಯವಹಾರ ಕನ್ನಡದಲ್ಲಿ. ಗದ್ವಾಲದವರಿಗೆ ನಾರಾಯಣಪೇಟೆಯ ಸೀರೆ ಅಂದರೆ ಸ್ವಲ್ಪ ಸಸಾರ, ನಾರಾಯಣಪೇಟೆಯವರಿಗೆ ಗದ್ವಾಲದ್ದು ಅಂದರೆ ಸ್ವಲ್ಪ ಸಸಾರ. ಇದು ಹಳೆಯ ಕಥೆ. ಅಜ್ಜಿ ಸೀರೆ ಬಿಚ್ಚಿ, ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಆ ತುದಿಯಿಂದ ಈ ತುದಿಗೆ ಎಳೆದಳು. ಎಲ್ಲೂ ಬೆರಳು ತಡೆಯಲಿಲ್ಲ. ಮತ್ತೊಮ್ಮೆ ಎಳೆದಳು.

"ನಾರಾಯಣಪೇಟಿದು ಅಂತೀ?" ಅಂದಳು.

"ಹೌದ್ರಿ ಅವ್ವಾರ."

"ಇರಲಿ, ಏನ್ ಮಾಡಾಕಾಗತೈತಿ," ಎಂದು ಸೀರೆಯನ್ನು ಮಡಿಚಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಳು. ವಾಪಸು ಕೊಡಲಿಲ್ಲ. ಆಗಲೇ ನನಗೆ ಹುಡುಗಿ ಒಪ್ಪಿಗೆಯಾದಳು ಎಂದು ಗೊತ್ತಾಯಿತು. ಆದರೆ ದೊಡ್ಡ ಮನೆಯ ಹಿರಿಯಳು ಅಷ್ಟು ಬೇಗ ಹೂಂ ಅಂದರೆ ಮರ್ಯಾದೆ ಏನಾಗಬೇಕು?

"ಶಕುನ ನೋಡ್ಬೇಕು. ನಿನ್ನ ಹತ್ರ ಒಂದು ಗಾಲಿ ಐತಂತಲ್ಲ, ಅದರ ಮ್ಯಾಲೆ ಬಾ. ನಮ್ಮ ಬಾಗಲಿಗೆ ನೆಟ್ಟಗ ಬಂದ್ರ ಮದುವಿ. ಬ್ಯಾರೆ ಕಡಿ ತಿರುಗಿದ್ರ ನಿನ್ನ ದಾರಿ ನಿನಗ, ನಮ್ಮ ದಾರಿ ನಮಗ."

"ಅದನ್ನ ರಿಪೇರಿ ಮಾಡಿಸೀನ್ರಿ. ಈಗ ಅದು ಎಲ್ಲಾ ಸೈಕಲ್ಲಿನ ಹಂಗ ಹೋಗತೈತಿ."

"ರಿಪೇರಿ ಮಾಡಿಸಿದ್ರ ಹುಟ್ಟುಗುಣ ಹೋಗತೈತೇನಪಾ?"

ಹೋಗಲಿಕ್ಕಿಲ್ಲ ಎಂಬ ಭಯ ನನಗೂ ಇತ್ತು. ಹೋಗುವ ಹಿಂದಿನ ದಿನ ಚಾಚಾನ ಪಾನಾ ಕೇಳಿ ತಂದು ನಟ್ಟುಗಳನ್ನು ಬಿಗಿದೆ. ಊಟ ಮಾಡಿ ಬಂದು ಮತ್ತೆ ಬಿಗಿದೆ. ಅಕ್ಕನ ಮಗಳ ಮುಖ ನೆನಪಾದಾಗಲೆಲ್ಲ ಎದ್ದು ಹೋಗಿ ಇನ್ನೊಂದು ಸುತ್ತು ಬಿಗಿದೆ. ಕೊನೆಗೆ ಎಡಗಡೆಯ ನಟ್ಟು ಬಹಳ ಹಗುರಾಗಿ ತಿರುಗಿತು. ಒಳ್ಳೆ ಕೈ ಕೂತಿದೆ ಎಂದುಕೊಂಡೆ. ಬಿಗಿದು ಬಿಗಿದು ಅದರ ಥ್ರೆಡ್ ಸವೆದು ಹೋಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು.

ಸೈಕಲ್ಲನ್ನು ಜೀಪಿನ ಮೇಲೆ ಕಟ್ಟಿಸಿಕೊಂಡು ಹೊರಟೆವು. ಅಕ್ಕನೂ ಬಂದಳು. "ಕೆಟ್ಟರೂ ಕಣ್ಣಾರ ನೋಡ್ತೀನಿ," ಅಂದಳು. ಗದ್ವಾಲದಲ್ಲಿ ಇಳಿದು ನಾನು ಸೈಕಲ್ ಹತ್ತಿದೆ, ಅಕ್ಕ ಹಿಂದಿನಿಂದ ನಡೆದು ಬಂದಳು. ಎರಡೂ ಕಡೆ ನೇಕಾರರ ಮನೆಗಳಿರುವ ಇಕ್ಕಟ್ಟಾದ ಓಣಿ. ಯಾವಾಗಲೂ ಮಗ್ಗದ ಸಪ್ಪಳಕ್ಕೆ ಮಾತು ಕೇಳಿಸದ ಜಾಗ. ಅವತ್ತು ಒಂದೂ ಮಗ್ಗ ಸಪ್ಪಳ ಮಾಡುತ್ತಿರಲಿಲ್ಲ. ಎಲ್ಲರೂ ಗಾಲಿ ನೋಡಲು ಕಟ್ಟೆಯ ಮೇಲೆ ಬಂದು ನಿಂತಿದ್ದರು.

ಬಲಗಡೆಗೆ ಅಜ್ಜಿಯ ಮನೆ. ಅಜ್ಜಿ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು, ಹುಡುಗ ಬಾಗಿಲಿಗೆ ಒರಗಿ ನಿಂತಿದ್ದ. ಎಡಗಡೆಗೆ ಎದುರು ಮನೆ. ಆ ಮನೆಯಾಕೆಗೂ ಅಜ್ಜಿಗೂ ಚರಂಡಿಯ ನೀರಿನಿಂದ ಹಿಡಿದು ಬಿಸಿಲಿನವರೆಗೆ ಎಲ್ಲದಕ್ಕೂ ಜಗಳ. ಆ ಮನೆಯಲ್ಲೂ ಮದುವೆಯಾಗದ ಒಬ್ಬ ಮಗನಿದ್ದ.

ನಾನು ಉಸಿರು ಹಿಡಿದು ತುಳಿದೆ. ಅಜ್ಜಿಯ ಬಾಗಿಲಿಗೆ ಬಲಕ್ಕೆ ತಿರುಗಿಸಬೇಕು, ಅಷ್ಟರಲ್ಲಿ ಟಕ್ ಎಂದಿತು. ಕರ್ ಕರ್ ಎಂದು ಉಜ್ಜಿತು. ಹ್ಯಾಂಡಲ್ ನನ್ನ ಕೈ ಮೀರಿ ಹೊರಳಿ, ಗಾಲಿ ಎದುರು ಮನೆಯ ಹೊಸ್ತಿಲಿಗೆ ಮುಖ ಮಾಡಿ ನಿಂತಿತು.

ಅಕ್ಕ ಬಂದು ನನ್ನ ಭುಜ ಹಿಡಿದಳು. ಮನೆಯಲ್ಲಿ ಫೋನ್ ಪಕ್ಕದಲ್ಲಿಟ್ಟುಕೊಂಡು ನೇಯುತ್ತಿರುವ ಹುಡುಗಿಗೆ ಏನು ಹೇಳುವುದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಟ್ಟಿನ ಮೇಲೆ, ಶಕುನದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪಾನಾ ಹಿಡಿದ ನನ್ನ ಕೈಯ ಮೇಲೆ ಸಿಟ್ಟು ಬಂದು ಕಣ್ಣು ತುಂಬಿತು.

ಅಷ್ಟರಲ್ಲಿ ಎದುರು ಮನೆಯಾಕೆ ಒಳಗೆ ಓಡಿ ಹೋಗಿ, ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಕುಂಕುಮ ತಂದೇಬಿಟ್ಟಳು. "ಬರ್ರಿ ಅಣ್ಣಾರ, ಬರ್ರಿ ಅಕ್ಕಾರ. ಕಾಲು ತೊಳಕೋರಿ. ನಮ್ಮನ್ಯಾಗೂ ಒಬ್ಬ ಹುಡುಗ ಅದಾನ. ಮಗ್ಗ ಹಾಕಾಕ ಬೇಕಾದಷ್ಟು ಜಾಗ ಐತಿ," ಎಂದು ಅಜ್ಜಿಗೆ ಕೇಳುವ ಹಾಗೆ, ನಮಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

ಬಾಗಿಲಲ್ಲಿದ್ದ ಹುಡುಗನಿಗೆ ತಡೆಯಲಾಗಲಿಲ್ಲ. "ಅಜ್ಜಿ, ಅದು ನಟ್ಟು ಸಡ್ಲ ಆಗೈತಿ ಅಷ್ಟ, ಶಕುನ ಏನೂ ಅಲ್ಲ..."

"ನೀ ಸುಮ್ನಿರು. ಗಾಲಿ ಸುಳ್ಳು ಹೇಳಂಗಿಲ್ಲ," ಅಂದಳು ಅಜ್ಜಿ.

ನನ್ನ ಉಳಿದ ಆಸೆಯೂ ಹೋಯಿತು. ಅಜ್ಜಿ ಎದ್ದು, ಒಂದೊಂದೇ ಮೆಟ್ಟಿಲು ಇಳಿದು ಬಂದು, ಸೊಂಟದ ಮೇಲೆ ಕೈ ಇಟ್ಟು ಗಾಲಿ ನೋಡಿದಳು. ಎದುರು ಮನೆಯಾಕೆಯ ತಂಬಿಗೆ ನೋಡಿದಳು. ಗಾಲಿ ನೋಡಿದಳು. ಆಮೇಲೆ ನನ್ನನ್ನು ಸೀಟಿನಿಂದ ಇಳಿಸಿ, ಮೊಮ್ಮಗನನ್ನು ಕರೆದಳು.

"ಹಿಂದಿನ ಗಾಲಿ ಎತ್ತು."

ಅವನು ಎತ್ತಿದ.

"ಎತ್ತಿ ಆ ಕಡಿ ಒಯ್ಯಿ. ಇನ್ನಾ ಒಯ್ಯಿ. ಮುಂದಿಂದು ಮುಟ್ಟಬ್ಯಾಡ. ಇನ್ನಾ ಸ್ವಲ್ಪ... ಸಾಕು, ಇಳಸು."

ಹುಡುಗ ಹಿಂದಿನ ಗಾಲಿ ಹಿಡಿದುಕೊಂಡು ಎದುರು ಮನೆಯ ಕಟ್ಟೆಯವರೆಗೆ ಸುತ್ತು ಹೊಡೆದಿದ್ದ. ಸೈಕಲ್ ಈಗ ಇಡೀ ಓಣಿಗೆ ಅಡ್ಡವಾಗಿ ನಿಂತಿತ್ತು. ಫೋರ್ಕಿಗೆ ಸಿಕ್ಕಿಬಿದ್ದ ಮುಂದಿನ ಗಾಲಿಯೂ ಅದರ ಜೊತೆಗೇ ಹೊರಳಿ, ಅಜ್ಜಿಯ ಹೊಸ್ತಿಲಿಗೆ ಗೆರೆ ಎಳೆದ ಹಾಗೆ ನೆಟ್ಟಗೆ ಮುಖ ಮಾಡಿತ್ತು.

ಅಜ್ಜಿ ಅಕ್ಕನ ಕೈ ಹಿಡಿದಳು. "ಬಾ ತಂಗಿ, ಒಳಗ ಬಾ. ಮಗ್ಗದ ಗುಣಿ ಎಲ್ಲಿ ತೋಡಬೇಕು, ನೀನ ತೋರಸು." ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು; ನಾನು ಸೈಕಲ್ಲಿನ ಸೀಟು ಹಿಡಿದುಕೊಂಡು ನಕ್ಕೆ.

ಎದುರು ಮನೆಯಾಕೆ ತಂಬಿಗೆ ಹಿಡಿದು ಇನ್ನೂ ನಿಂತೇ ಇದ್ದಳು. "ಅಲ್ರಿ, ಗಾಲಿ ನಮ್ಮ ಕಡಿ ತಿರುಗಿತ್ತಲ್ರಿ? ಎಲ್ಲಾರೂ ನೋಡ್ಯಾರ," ಅಂದಳು.

ಅಜ್ಜಿ ಮೆಟ್ಟಿಲು ಹತ್ತುತ್ತಲೇ, ತಿರುಗಿ ಕೂಡ ನೋಡದೆ ಹೇಳಿದಳು:

"ಗಾಲಿ ಮೊದಲಿಂದ ನೆಟ್ಟಗ ಐತೆವ್ವಾ. ಸೈಕಲ್ ಸೊಟ್ಟ ನಿಂತಿತ್ತು."